ಮಳೆಯ ದಾರಿ ನೋಡುವಾಗ ಜೋಳದ ಬಿಸ್ಕೀಟು

ಒಕ್ಕಲುತನದ ಪುಟದಲ್ಲಿ ಬಿಸ್ಕೀಟಿನ ಮಾತೇಕೆ ಎಂದು ವಾಚಕರು ನಗಬಹುದು. ಆದರೆ ಕಳೆದ ಮಿರಗದಲ್ಲಿ ನಮ್ಮ ಮನಸ್ಸಿಗೆ ಆಸರೆಯಾದದ್ದು ಇದೇ. ಹೊಲ ಹರಗಿಯಾಗಿತ್ತು, ತೊಗರಿಯ ಬೀಜ ಮನೆಯಲ್ಲಿತ್ತು, ಮಳೆಯೊಂದೇ ಇರಲಿಲ್ಲ. ದಿನವೂ ಕಟ್ಟೆಯ ಮೇಲೆ ಕುಳಿತು ಮುಗಿಲು ನೋಡುವುದು, ಸಾಲದ ಲೆಕ್ಕ ಹಾಕುವುದು, ಮನೆಯವರ ಮೇಲೆ ಸಿಡುಕುವುದು, ಇಷ್ಟೇ ನಮ್ಮ ಕೆಲಸವಾಗಿತ್ತು. ಒಂದು ಮಧ್ಯಾಹ್ನ ಮಗಳು ಅಂಗಡಿಯ ಬಿಸ್ಕೀಟಿಗೆ ದುಡ್ಡು ಕೇಳಿದಳು. ಮನೆಯಲ್ಲಿ ಜೋಳವಿರಲು ಮೈದಾಕ್ಕೇಕೆ ದುಡ್ಡು ಎಂದು ನಾವು ಎದ್ದೆವು. ಅಂದು ಎರಡು ತಾಸು ಮುಗಿಲಿನ ಕಡೆ ನೋಡಲೇ ಇಲ್ಲ.

ನಮ್ಮ ಜೋಳದ ಯೋಗ್ಯತೆ

ಅಕ್ಕಲಕೋಟೆ, ಮಂಗಳವೇಢೆ ಸೀಮೆಯ ಎರೆಭೂಮಿ ಹಿಂಗಾರಿ ಬಿಳಿಜೋಳಕ್ಕೆ ಹೇಳಿ ಮಾಡಿಸಿದ್ದು. ಮಾಲದಂಡಿ ಜೋಳದ ಹೆಸರು ಯಾರಿಗೆ ಗೊತ್ತಿಲ್ಲ? ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಜೋಳವೂ ಆ ಸಾಲಿನಲ್ಲಿತ್ತು. ಜಗತ್ತು ಮೆಚ್ಚಿದ ಕಾಳನ್ನು ಬೆಳೆದ ನಮ್ಮ ಮಕ್ಕಳೇ ಅದರ ರುಚಿ ಮರೆತರೆ, ನಾಳೆ ಅದನ್ನು ಬಿತ್ತುವವರು ಯಾರು?

ಮಾಡುವ ಬಗೆ

ಹೊಸದಾಗಿ ಬೀಸಿದ ಜೋಳದ ಹಿಟ್ಟು 150 ಗ್ರಾಂ, ಗೋದಿಹಿಟ್ಟು 100 ಗ್ರಾಂ, ಪುಡಿ ಬೆಲ್ಲ 125 ಗ್ರಾಂ, ತುಪ್ಪ 125 ಗ್ರಾಂ, ಕಾಲು ಚಮಚ ಅಡಿಗೆ ಸೋಡಾ, ಚಿಟಿಕೆ ಉಪ್ಪು, ಎರಡು ಏಲಕ್ಕಿ. ಜೋಳದಲ್ಲಿ ಗೋದಿಯ ಜಿಗುಟು ಇಲ್ಲ. ಅದಕ್ಕೇ ರೊಟ್ಟಿಗೆ ಬಿಸಿನೀರು ಬೇಕು. ಬರಿ ಜೋಳದಿಂದ ಮಾಡಿದ ಬಿಸ್ಕೀಟು ಕೈಯಲ್ಲೇ ಪುಡಿಯಾಗುತ್ತದೆ. ಅದಕ್ಕಾಗಿ ಈ ಗೋದಿಯ ಬೆರಕೆ.

ಮೊದಲು ಗಟ್ಟಿ ತುಪ್ಪ, ಬೆಲ್ಲ ಎರಡನ್ನೂ ಅಂಗೈಯಿಂದ ತಿಕ್ಕಿ ತಿಕ್ಕಿ ಹಗುರಾಗಿಸಬೇಕು. ಇದೇ ಮನಸ್ಸು ತಿಳಿಯಾಗುವ ಹೊತ್ತು, ಅವಸರ ಬೇಡ. ಆಮೇಲೆ ಹಿಟ್ಟು ಮೊದಲಾದುವನ್ನು ಸೇರಿಸಿ ಕೂಡಿಸಿರಿ. ಗಟ್ಟಿಯಾಗಿ ನಾದಬಾರದು. ಉಂಡೆ ಕಟ್ಟಲು ಬಾರದಿದ್ದರೆ ಒಂದು ಚಮಚ ಹಾಲು ಸಾಕು. ನಿಂಬೆಗಾತ್ರಕ್ಕಿಂತ ಚಿಕ್ಕ ಉಂಡೆ ಕಟ್ಟಿ, ತುಸು ಅದುಮಿ, ತುಪ್ಪ ಸವರಿದ ತಾಟಿನಲ್ಲಿ ಅಂತರ ಬಿಟ್ಟು ಇಡಿರಿ.

ಭಟ್ಟಿ ಬೇಕಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಒಂದು ಬೆರಳು ದಪ್ಪ ಒಣ ಮರಳು ಹಾಸಿ, ಅದರ ಮೇಲೆ ಸಿಂಬಿಯಂಥ ಕಬ್ಬಿಣದ ಬಳೆ ಇಟ್ಟು, ಮುಚ್ಚಿ ಹತ್ತು ಮಿನಿಟು ಕಾಯಿಸಿರಿ. ಬಳಿಕ ತಾಟು ಇಳಿಸಿ, ಮುಚ್ಚಳದ ಮೇಲೆ ನಾಲ್ಕು ಕೆಂಡ ಹರವಿರಿ. ಸಣ್ಣ ಉರಿಯಲ್ಲಿ 20-25 ಮಿನಿಟಿಗೆ ಅಂಚು ಕೆಂಪಾಗುತ್ತದೆ. ಬಿಸಿಯಿದ್ದಾಗ ಮೆತ್ತಗಿರುತ್ತವೆ, ಬೇಯಲಿಲ್ಲವೆಂದು ಮತ್ತೆ ಇಡಬೇಡಿರಿ. ಆರಿದ ಮೇಲೆ ಗರಿಯಾಗುತ್ತವೆ. ಮೊದಲ ಸಲ ನಾವು ಉರಿ ಹೆಚ್ಚಿಸಿ ತಳ ಕರಿಮಾಡಿದೆವು. ಅವನ್ನು ಎತ್ತುಗಳಿಗೆ ಹಾಕಿದೆವು, ಅವು ದೂರಲಿಲ್ಲ.

ಎರಡು ಎಚ್ಚರಿಕೆ

ಹಳೆಯ ಜೋಳದ ಹಿಟ್ಟಿನಲ್ಲಿ ಎಣ್ಣೆಯಂಶ ಕೆಟ್ಟು ಕಹಿಯಾಗುತ್ತದೆ, ಬೇಕಾದಷ್ಟೇ ಬೀಸಿಸಿರಿ. ಬೆಲ್ಲವೂ ಸಿಹಿಯೇ, ಸಕ್ಕರೆ ಕಾಯಿಲೆಯವರು ಮೋಸಹೋಗಬಾರದು.

ಕೊನೆಗೊಂದು ಮಾತು. ದಿನವಿಡೀ ಒಲೆಯ ಮುಂದಿರುವ ಮನೆಯಾಕೆಗೆ ಇದು ಮತ್ತೊಂದು ದುಡಿತವಾದರೆ, ಅದು ವಿಶ್ರಾಂತಿಯಲ್ಲ. ಗಂಡಸರು ಒಲೆಯ ಮುಂದೆ ಕೂಡಲಿ, ಮಕ್ಕಳು ಉಂಡೆ ಕಟ್ಟಲಿ, ಆಕೆ ಕಟ್ಟೆಯ ಮೇಲೆ ಕುಳಿತು ಹೇಳಲಿ. ನಮ್ಮ ಮನೆಯಲ್ಲಿ ಅಂದು ಹಾಗೇ ಆಯಿತು. ಮಳೆ ಬಂದದ್ದು ಎಂಟು ದಿನ ತಡವಾಗಿಯೇ. ಆದರೆ ಆ ಎಂಟು ದಿನ ಮನೆಯಲ್ಲಿ ಸಿಡುಕಿನ ಮಾತು ಕಡಿಮೆಯಾಗಿತ್ತು, ಡಬ್ಬಿಯೂ ತುಂಬಿತ್ತು.