ಓಡದ ಟೈರೂ ಸೀಳುತ್ತದೆ! ತಪ್ಪು ಯಾರದು?

ಯಲಹಂಕ: ಓಡಿದ ಟೈರು ಸವೆಯುವುದು ಲೋಕಾರೂಢಿ. ಆದರೆ ಮೇಲಿನ ಬಟನ್ನುಗಳು ಇನ್ನೂ ಹೊಸದರಂತೆ ಎದ್ದು ನಿಂತಿರುವಾಗಲೇ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟರೆ? ದಪ್ಪ ಟೈರಿನ ಗೇರ್ ಸೈಕಲ್, ಅಂದರೆ ‘ಎಂ.ಟಿ.ಬಿ.’ ಇಟ್ಟುಕೊಂಡವರ ತಲೆನೋವು ಇದು.

‘ತಗೊಂಡು ವರ್ಷ ಆಗಿಲ್ಲ, ಹೆಂಗ್ ಸೀಳ್ತು ಹೇಳಿ’ ಎನ್ನುವುದು ಗಿರಾಕಿಯ ವಾದ. ‘ನೀವು ದಿನಾ ಬಿಸಿಲಲ್ಲಿ ನಿಲ್ಲಿಸಿದ್ರೆ ನಾವೇನ್ ಮಾಡೋಣ ಸಾರ್’ ಎನ್ನುವುದು ಅಂಗಡಿಯವರ ಉತ್ತರ. ವಿಚಿತ್ರವೆಂದರೆ ಇಬ್ಬರ ಮಾತಿನಲ್ಲೂ ಹುರುಳಿದೆ.

ಯಲಹಂಕದಲ್ಲಿ ಇಂಥ ಸೈಕಲ್ಲಿಗೆ ಬರವಿಲ್ಲ. ಬಳ್ಳಾರಿ ರಸ್ತೆ ಹಿಡಿದು 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಹೊರಡುವ ಭಾನುವಾರದ ಸವಾರರಿದ್ದಾರೆ. ದೊಡ್ಡಬಳ್ಳಾಪುರ ರಸ್ತೆ ಕಡೆಯ ಅವಲಹಳ್ಳಿ ಕಾಡಿನ ಮಣ್ಣುಹಾದಿ ಹುಡುಕಿಕೊಂಡು ಹೋಗುವ ಹುಡುಗರಿದ್ದಾರೆ. ಮನೆಯಿಂದ ಬಸ್ ಸ್ಟಾಪಿಗೋ ಯಲಹಂಕ ಜಂಕ್ಷನ್ನಿಗೋ ತುಳಿದು ಬಂದು, ಅಲ್ಲೇ ಬೀಗ ಹಾಕಿ ಮೆಜೆಸ್ಟಿಕ್ ಕಡೆ ಹೊರಡುವ ನೌಕರರಿದ್ದಾರೆ. 2020ರ ಲಾಕ್‌ಡೌನ್ ಸಮಯದಲ್ಲಿ ದೇಶದಾದ್ಯಂತ ಸೈಕಲ್ ಮಾರಾಟ ಏರಿತ್ತು. ಆಗ ಹುಮ್ಮಸ್ಸಿನಲ್ಲಿ ಕೊಂಡು ಬಾಲ್ಕನಿಯಲ್ಲಿ ಮರೆತ ಸೈಕಲ್ಲುಗಳೂ ಕಡಿಮೆಯೇನಲ್ಲ. ಅವುಗಳ ಟೈರನ್ನು ಒಮ್ಮೆ ಬಗ್ಗಿ ನೋಡಿದರೆ ವಿಷಯ ತಿಳಿಯುತ್ತದೆ.

ಕಣ್ಣಿಗೆ ಕಾಣದ ಕಳ್ಳ

ರಬ್ಬರನ್ನು ತಿನ್ನುವುದು ಬರೀ ಬಿಸಿಲಲ್ಲ. ಗಾಳಿಯಲ್ಲಿರುವ ಓಝೋನ್ ಅದಕ್ಕಿಂತ ದೊಡ್ಡ ಕಳ್ಳ. ಬಹು ಎತ್ತರದ ಆಕಾಶದಲ್ಲಿ ನಮ್ಮನ್ನು ಕಾಯುವ ಈ ಅನಿಲ, ನೆಲಮಟ್ಟದಲ್ಲಿ ರಬ್ಬರಿಗೆ ವಿಷ. ವಾಹನಗಳ ಹೊಗೆಗೆ ಬಿಸಿಲು ಬಿದ್ದಾಗ ಇದು ಹುಟ್ಟುತ್ತದೆ. ಹತ್ತು ಕೋಟಿ ಪಾಲು ಗಾಳಿಯಲ್ಲಿ ಕೆಲವೇ ಪಾಲು ಇದ್ದರೂ ಸಾಕು, ರಬ್ಬರಿನ ಒಳಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ.

ಒಂದು ಮುಖ್ಯ ಸಂಗತಿ: ಓಝೋನ್ ಬಿರುಕು ಬಿಡಿಸುವುದು ಎಳೆದು ಬಿಗಿದ ರಬ್ಬರನ್ನು. ನಂಬಿಕೆ ಬಾರದಿದ್ದರೆ ವರ್ತಕರು ತಮ್ಮ ಗಲ್ಲಾಪೆಟ್ಟಿಗೆಯನ್ನೇ ನೋಡಲಿ. ಲೆಕ್ಕದ ಪುಸ್ತಕಕ್ಕೆ ಬಿಗಿದ ರಬ್ಬರ್ ಬ್ಯಾಂಡು ಕೆಲವು ತಿಂಗಳಲ್ಲಿ ಸೀಳಿ ‘ಪಟ್’ ಎನ್ನುತ್ತದೆ. ಅದೇ ಕಟ್ಟಿನ ಇನ್ನೊಂದು ಬ್ಯಾಂಡು ಡಬ್ಬಿಯೊಳಗೆ ಸಡಿಲವಾಗಿ ಬಿದ್ದು ಚೆನ್ನಾಗಿಯೇ ಇರುತ್ತದೆ. ಟೈರಿನ ಕತೆಯೂ ಇಷ್ಟೇ.

ಗಾಳಿ ಇಳಿದ ಸೈಕಲ್ಲನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ನೆಲಕ್ಕೆ ತಾಗಿದ ಕಡೆ ಪಕ್ಕೆ ಮಡಚಿಕೊಳ್ಳುತ್ತದೆ. ಮಡಿಕೆಯ ಹೊರಮೈ ಎಳೆದುಕೊಂಡಿರುತ್ತದೆ. ಬಿರುಕು ಮೊದಲು ಹುಟ್ಟುವುದು ಅಲ್ಲೇ. ಓಡಿಸದೆ ಜೋಪಾನ ಮಾಡಿದೆ ಎಂದುಕೊಂಡವನ ಟೈರೇ ಮೊದಲು ಹೋಗುವುದು ಹೀಗೆ!

ಕಂದು ಬಣ್ಣ ಕೊಳೆಯಲ್ಲ

ಟೈರು ತಯಾರಿಸುವವರು ಇದಕ್ಕೆ ಮದ್ದು ಬೆರೆಸಿಯೇ ಕಳಿಸುತ್ತಾರೆ. ಕಪ್ಪು ಬಣ್ಣ ಕೊಡುವ ಕಾರ್ಬನ್ ಪುಡಿ ಬಿಸಿಲನ್ನು ತಡೆಯುತ್ತದೆ. ಮೇಣ ನಿಧಾನವಾಗಿ ಹೊರಮೈಗೆ ಬಂದು ತೆಳು ಪದರವಾಗಿ ಕೂರುತ್ತದೆ. ಓಝೋನನ್ನು ತಾನೇ ಎದುರಿಸುವ ರಾಸಾಯನಿಕವೂ ಇರುತ್ತದೆ. ಅದು ಮೇಲೆ ಬಂದಾಗ ಟೈರು ಕಂದು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕೊಳೆ ಎಂದುಕೊಂಡು ಸೀಮೆಎಣ್ಣೆ, ಪೆಟ್ರೋಲು, ಡೀಸೆಲ್ ಹಾಕಿ ತಿಕ್ಕುವವರು ತಮ್ಮ ಕೈಯಾರೆ ಮದ್ದನ್ನು ತೊಳೆದು ಚೆಲ್ಲಿದಂತೆ. ಜತೆಗೆ ಎಣ್ಣೆ ಕುಡಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸಾದಾ ನೀರು, ಒದ್ದೆ ಬಟ್ಟೆ ಸಾಕು.

ಅಂಗಡಿಯ ಟೈರಿನ ತೋರಣ

ಈಗ ಅಂಗಡಿಯ ಕಡೆ ಬರೋಣ. ಬಾಗಿಲಿಗೆ ತೋರಣ ಕಟ್ಟಿದಂತೆ ಹೊಸ ಟೈರುಗಳನ್ನು ಮೊಳೆಗೆ ತೂಗುಹಾಕುವುದು ಹಳೆಯ ಪದ್ಧತಿ. ಗಿರಾಕಿಯ ಕಣ್ಣಿಗೆ ಬೀಳಬೇಕಲ್ಲ! ಆದರೆ ಒಂದೇ ಮೊಳೆಯ ಮೇಲೆ ಭಾರ ಬಿದ್ದು ಟೈರು ಬಾಗುತ್ತದೆ, ಬಾಗಿದ್ದಕ್ಕೆ ಮಧ್ಯಾಹ್ನದ ಬಿಸಿಲು, ರಸ್ತೆಯ ಹೊಗೆ. ಹೀಗೆ ವರ್ಷ ತೂಗಿದ ಟೈರು ‘ಹೊಸದು’ ಎಂದು ಮಾರಾಟವಾದರೆ ಅರ್ಧ ಆಯುಸ್ಸು ಮೊಳೆಯ ಮೇಲೇ ಮುಗಿದಿರುತ್ತದೆ. ಮಾದರಿಗೆ ಒಂದೆರಡು ಹೊರಗಿರಲಿ. ಉಳಿದದ್ದು ಒಳಗೆ, ಕತ್ತಲಲ್ಲಿ, ಕಿಡಿ ಹಾರುವ ಮೋಟಾರು ಮತ್ತು ವೆಲ್ಡಿಂಗಿನಿಂದ ದೂರ ಇರಬೇಕು. ಮೊದಲು ಬಂದ ಮಾಲು ಮೊದಲು ಹೋಗಬೇಕು.

ಬಿರುಕೇ ಸಾಕ್ಷಿ

ಜಗಳಕ್ಕೆ ಮೊದಲು ಬಿರುಕನ್ನು ಓದುವುದು ಒಳ್ಳೆಯದು. ಸೀಳು ರಿಮ್ಮಿನ ಮೇಲ್ಭಾಗದಲ್ಲಿ ಬಳೆಯಂತೆ ಸುತ್ತಲೂ ಹೋಗಿದ್ದರೆ, ಸಾಮಾನ್ಯವಾಗಿ ಗಾಳಿ ಕಮ್ಮಿ ಇಟ್ಟು ಓಡಿಸಿದ ಗುರುತು. ಒಂದೇ ಪಕ್ಕೆಯಲ್ಲಿ ಹೆಚ್ಚಾಗಿದ್ದರೆ ದಿನಾ ಅದೇ ಪಕ್ಕ ಬಿಸಿಲಿಗೆ ನಿಂತಿದೆ. ಎರಡೂ ಕಡೆ, ಇಡೀ ಸುತ್ತು ಬಲೆಯಂತೆ ಹರಡಿದ್ದು, ಕೊಂಡು ಕೆಲವೇ ವಾರಗಳಾಗಿದ್ದರೆ ಹಳೇ ಮಾಲು ಅಥವಾ ಕಳಪೆ ರಬ್ಬರಿನ ಅನುಮಾನ ಸಹಜ. ಆಗ ಗಿರಾಕಿಯ ದೂರಿಗೆ ಬಲ ಬರುತ್ತದೆ.

ಎಲ್ಲ ಬಿರುಕೂ ಅಪಾಯವಲ್ಲ. ಮೇಲ್ಮೈಯ ಸಣ್ಣ ಗೆರೆಗಳಿದ್ದರೆ ಕಣ್ಣಿಟ್ಟು ಓಡಿಸಬಹುದು. ಉಗುರು ಇಳಿಯುವಷ್ಟು ಸೀಳು, ಒಳಗಿನ ದಾರ ಕಾಣುವುದು, ಪಕ್ಕೆ ಉಬ್ಬುವುದು – ಈ ಮೂರರಲ್ಲಿ ಒಂದು ಕಂಡರೂ ಬದಲಿಸಲೇಬೇಕು. ನಂದಿಯ ಇಳಿಜಾರಿನಲ್ಲಿ ಮುಂದಿನ ಟೈರು ಸಿಡಿದರೆ ಉಳಿಸಿದ ದುಡ್ಡು ಆಸ್ಪತ್ರೆಗೂ ಸಾಲದು.

ಬಿಲ್ ಕೇಳಿ, ಬಿಲ್ ಕೊಡಿ

ಪೊಟ್ಟಣದ ಮಾಲಿನ ಮೇಲೆ ತಯಾರಾದ ತಿಂಗಳು, ವರ್ಷ ಇರಬೇಕೆಂಬುದು 2011ರ ನಿಯಮ. ಮೋಟಾರು ವಾಹನಗಳ ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 3524 ಎಂದರೆ 2024ರ 35ನೇ ವಾರ. ಕೆಲವು ಸೈಕಲ್ ಟೈರುಗಳಲ್ಲೂ ಇದು ಸಿಗುತ್ತದೆ, ಎಲ್ಲದರಲ್ಲೂ ಇಲ್ಲ. ಕೊಳ್ಳುವಾಗ ಟೈರನ್ನು ಹಿಡಿದು ಬಾಗಿಸಿ ನೋಡಿದರೆ ಹಳೇ ಮಾಲಿನ ಬಿರುಕು ಅಲ್ಲೇ ಬಾಯಿ ಬಿಡುತ್ತದೆ.

‘ಬಿಲ್ ಯಾಕೆ ಬಿಡಿ’ ಎನ್ನುವುದೇ ಮುಂದಿನ ಜಗಳಕ್ಕೆ ಮೂಲ. ಬಿಲ್ಲಿದ್ದರೆ ಅಂಗಡಿಯವರೂ ತಯಾರಕರನ್ನು ಕೇಳಬಹುದು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಸವಾರರು ಮಾಡಬೇಕಾದದ್ದು ಇಷ್ಟೇ: ಪಕ್ಕೆಯಲ್ಲಿ ಅಚ್ಚಾಗಿರುವಷ್ಟು ಪೌಂಡ್ ಗಾಳಿ ವಾರಕ್ಕೊಮ್ಮೆ ಹೊಡೆಸುವುದು, ನೆರಳಲ್ಲಿ ನಿಲ್ಲಿಸುವುದು, ಬಹುದಿನ ಓಡಿಸದಿದ್ದರೆ ಚಕ್ರ ನೆಲಕ್ಕೆ ತಾಗದಂತೆ ತೂಗುಹಾಕುವುದು. ಆದರೆ ಬೆಳಿಗ್ಗೆ ಎಂಟಕ್ಕೆ ಬಸ್ ಹಿಡಿದು ಸಂಜೆ ಆರಕ್ಕೆ ಮರಳುವ ನೌಕರ ನೆರಳನ್ನು ಎಲ್ಲಿಂದ ತರಬೇಕು? ಪ್ರಯಾಣಿಕರಿಗೆ ಸೂರು ಕಟ್ಟುವಾಗ ಪಕ್ಕದಲ್ಲಿ ಸೈಕಲ್ಲಿಗೂ ನಾಲ್ಕು ಅಡಿ ಸೂರು ಸೇರಿಸಿದರೆ ಬಹುಜನರ ಟೈರು ಉಳಿದೀತು. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?