ಯಾವ ಪಟ್ಟಿಯಲ್ಲೂ ಇಲ್ಲದ ಗ್ಯಾಲಕ್ಸಿ ಹವ್ಯಾಸಿಯ ಕ್ಯಾಮರಾಕ್ಕೆ ಸಿಕ್ಕಿದ್ದು ಹೇಗೆ?

2016ರಲ್ಲಿ ಇಟಲಿಯ ಹವ್ಯಾಸಿ ಆಕಾಶ ಛಾಯಾಗ್ರಾಹಕ ಜುಸೆಪ್ಪೆ ದೊನಾತಿಯೆಲ್ಲೊ ತಮ್ಮ ಹಳೇ ಚಿತ್ರಗಳನ್ನು ಮತ್ತೊಮ್ಮೆ ತೆಗೆದು ಪರಿಶೀಲಿಸಿದರು. 2010 ಮತ್ತು 2013ರಲ್ಲಿ ಆಂಡ್ರೊಮಿಡಾ ನಕ್ಷತ್ರಪುಂಜದ ಕಡೆಗೆ ಕ್ಯಾಮರಾ ತಿರುಗಿಸಿ, ದೀರ್ಘ ಹೊತ್ತು ಬೆಳಕು ಹಿಡಿದು ತೆಗೆದ ಚಿತ್ರಗಳವು. ಅದರಲ್ಲಿ ಒಂದು ಕಡೆ ಕನ್ನಡಿ ಮೇಲೆ ಉಸಿರು ಬಿಟ್ಟಾಗ ಮೂಡುವ ಮಬ್ಬಿನ ಹಾಗೆ ಒಂದು ಸಣ್ಣ ಕಲೆ ಇತ್ತು. ಯಾವ ಪಟ್ಟಿಯಲ್ಲೂ ಆ ಜಾಗದಲ್ಲಿ ಗ್ಯಾಲಕ್ಸಿ ಇದೆ ಅಂತ ದಾಖಲಾಗಿರಲಿಲ್ಲ.

ಆಮೇಲೆ ಸ್ಪೇನಿನ ಲಾ ಪಾಲ್ಮಾ ದ್ವೀಪದಲ್ಲಿರುವ, 3.58 ಮೀಟರ್ ಅಗಲದ ಕನ್ನಡಿಯ ಗೆಲಿಲಿಯೊ ದೂರದರ್ಶಕವನ್ನು ಅದೇ ಜಾಗಕ್ಕೆ ತಿರುಗಿಸಲಾಯಿತು. ಅದು ಧೂಳೂ ಅಲ್ಲ, ಲೆನ್ಸಿನ ದೋಷವೂ ಅಲ್ಲ, ನಿಜವಾದ ಗ್ಯಾಲಕ್ಸಿಯೇ ಎಂಬುದು ಖಚಿತವಾಯಿತು. 2018ರ ಡಿಸೆಂಬರ್‌ನಲ್ಲಿ ಸಂಶೋಧನಾ ಪ್ರಬಂಧ ಪ್ರಕಟವಾಯಿತು. ಇವತ್ತು ಅದರ ಹೆಸರು ದೊನಾತಿಯೆಲ್ಲೊ-1. ನಮ್ಮಿಂದ ಅದರ ದೂರ ಸುಮಾರು 81 ಲಕ್ಷದಿಂದ 1 ಕೋಟಿ 14 ಲಕ್ಷ ಜ್ಯೋತಿರ್ವರ್ಷ.

ಕೋಟಿಗಟ್ಟಲೆ ಹಣ ಸುರಿದು ಕಟ್ಟಿದ ವೀಕ್ಷಣಾಲಯಗಳು ಇರುವಾಗ ಮನೆಯ ದೂರದರ್ಶಕಕ್ಕೆ ಹೊಸ ಗ್ಯಾಲಕ್ಸಿ ಸಿಗೋದು ಹೇಗೆ?

ದೊಡ್ಡದಕ್ಕೆ ಹೊತ್ತಿಲ್ಲ, ಸಣ್ಣದಕ್ಕೆ ಹೊತ್ತಿದೆ

ಮೊದಲ ಕಾರಣ, ನೋಟದ ಅಗಲ. ದೊಡ್ಡ ದೂರದರ್ಶಕಗಳು ಆಕಾಶದ ಬಹಳ ಸಣ್ಣ ತುಂಡನ್ನು ಬಹಳ ಸ್ಪಷ್ಟವಾಗಿ ನೋಡುತ್ತವೆ. ಹಬಲ್ ದೂರದರ್ಶಕದ ಮುಖ್ಯ ಕ್ಯಾಮರಾದಲ್ಲಿ ಹುಣ್ಣಿಮೆ ಚಂದ್ರನಷ್ಟು ಜಾಗ ಮುಚ್ಚಬೇಕಾದರೆ ಅರವತ್ತಕ್ಕೂ ಹೆಚ್ಚು ಚಿತ್ರ ಬೇಕು. ಹವ್ಯಾಸಿಗಳ ಸಣ್ಣ ದೂರದರ್ಶಕದ ಒಂದೇ ಚಿತ್ರದಲ್ಲಿ ಎರಡು ಮೂರು ಚಂದ್ರ ಪಕ್ಕಪಕ್ಕ ಕೂರುವಷ್ಟು ಜಾಗ ಇರುತ್ತದೆ.

ಎರಡನೇ ಕಾರಣ, ಸಮಯ. ದೊಡ್ಡ ದೂರದರ್ಶಕದ ಒಂದೊಂದು ಗಂಟೆಗೂ ವಿಜ್ಞಾನಿಗಳು ಅರ್ಜಿ ಹಾಕಿ ಕಾಯಬೇಕು. "ಇಲ್ಲಿ ಏನಾದರೂ ಇರಬಹುದೇನೋ" ಅಂತ ಹತ್ತಾರು ಗಂಟೆ ಕೇಳಿದರೆ ಯಾರೂ ಕೊಡೋದಿಲ್ಲ. ಹವ್ಯಾಸಿಗೆ ಈ ತೊಂದರೆ ಇಲ್ಲ. ಒಂದೇ ಜಾಗವನ್ನು ಹತ್ತು ರಾತ್ರಿ ಹಿಡಿದರೂ ಕೇಳುವವರಿಲ್ಲ.

ಇದನ್ನು ಮೊದಲೇ ಗುರುತಿಸಿದವರು ಸ್ಪೇನಿನ ಖಗೋಳ ವಿಜ್ಞಾನಿ ಡೇವಿಡ್ ಮಾರ್ಟಿನೆಝ್-ಡೆಲ್ಗಾಡೊ. ಹವ್ಯಾಸಿಗಳ ದೂರದರ್ಶಕಗಳನ್ನೇ ಬಳಸಿ ಕುಬ್ಜ ಗ್ಯಾಲಕ್ಸಿಗಳನ್ನು ಹುಡುಕುವ ಯೋಜನೆಯನ್ನು ಅವರ ತಂಡ ರೂಪಿಸಿತು. 2016ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲೇ, ಹತ್ತಿರದ ಸುರುಳಿ ಗ್ಯಾಲಕ್ಸಿಗಳ ಆಸುಪಾಸು ಅದುವರೆಗೆ ಗೊತ್ತಿಲ್ಲದ 11 ಮಸುಕು ಕಾಯಗಳು ಸಿಕ್ಕಿದ್ದವು.

ಅಂಗಡಿ ಲೆಕ್ಕದ ಹಾಗೆ ಬೆಳಕಿನ ಲೆಕ್ಕ

ಎಷ್ಟು ಕತ್ತಲೆಯ ಊರಿಗೆ ಹೋದರೂ ಆಕಾಶ ಪೂರ್ತಿ ಕಪ್ಪಲ್ಲ. ವಾತಾವರಣಕ್ಕೆ ತನ್ನದೇ ಒಂದು ಮಂದ ಹೊಳಪಿದೆ. ಇಂಥ ಕುಬ್ಜ ಗ್ಯಾಲಕ್ಸಿಗಳ ಬೆಳಕು ಆ ಹೊಳಪಿಗಿಂತಲೂ ಸುಮಾರು ನಲವತ್ತು ಪಟ್ಟು ಕಡಿಮೆ ಇರಬಹುದು. ಹಾಗಾದರೆ ಅದನ್ನು ಬೇರ್ಪಡಿಸೋದು ಹೇಗೆ?

ಹೀಗೆ ಲೆಕ್ಕ ಹಾಕಿ. ಕ್ಯಾಮರಾದ ಒಂದು ಭಾಗಕ್ಕೆ ನಿಮಿಷಕ್ಕೆ ಆಕಾಶದಿಂದ 4,000 ಬೆಳಕಿನ ಕಣ ಬೀಳುತ್ತದೆ, ಗ್ಯಾಲಕ್ಸಿಯಿಂದ 100. ಒಟ್ಟು 4,100. ಸುತ್ತಲಿನ ಖಾಲಿ ಜಾಗದ 4,000 ಕಳೆದರೆ 100 ಉಳಿಯಬೇಕು. ಆದರೆ ಅಂಗಡಿಯ ದಿನದ ವ್ಯಾಪಾರದ ಹಾಗೆ ಬೆಳಕೂ ಒಂದೇ ಸಮ ಬರೋದಿಲ್ಲ, ಒಂದು ನಿಮಿಷ ಹೆಚ್ಚು, ಇನ್ನೊಂದು ನಿಮಿಷ ಕಡಿಮೆ. ಆ ಏರುಪೇರು ಒಟ್ಟು ಸಂಖ್ಯೆಯ ವರ್ಗಮೂಲದಷ್ಟು, ಅಂದ್ರೆ ಇಲ್ಲಿ ಸುಮಾರು 64. ನೂರರ ಲಾಭ ಹುಡುಕುವಾಗ ಲೆಕ್ಕವೇ 64 ಆಚೀಚೆ ಆದರೆ ನಂಬೋದು ಹೇಗೆ?

ಈಗ 100 ನಿಮಿಷ ಬೆಳಕು ಕೂಡಿಸಿ. ಗ್ಯಾಲಕ್ಸಿಯ ಪಾಲು 10,000 ಆಯಿತು. ಏರುಪೇರು ಮಾತ್ರ 640. ಒಂದು ದಿನದ ವ್ಯಾಪಾರ ನೋಡಿ ಲಾಭ ನಷ್ಟ ಹೇಳಲಾಗದು, ವರ್ಷದ ಲೆಕ್ಕ ನೋಡಿದರೆ ಗೊತ್ತಾಗುತ್ತದಲ್ಲ, ಇದೂ ಹಾಗೇ. ಚಿತ್ರ ಎರಡು ಪಟ್ಟು ಶುದ್ಧವಾಗಬೇಕಾದರೆ ಸಮಯ ನಾಲ್ಕು ಪಟ್ಟು ಬೇಕು. ಈ ಆಟದಲ್ಲಿ ಗೆಲ್ಲೋದು ಹೊತ್ತು ಕೊಟ್ಟವನು.

ಕೆಲಸ ನಡೆಯುವ ಕ್ರಮ

ಭೂಮಿ ತಿರುಗುವುದರಿಂದ ನಕ್ಷತ್ರಗಳು ಜಾರುತ್ತಾ ಹೋಗುತ್ತವೆ. ಆದ್ದರಿಂದ ದೂರದರ್ಶಕವನ್ನು ಅದೇ ವೇಗದಲ್ಲಿ ತಿರುಗಿಸುವ ಮೋಟಾರಿನ ಸ್ಟ್ಯಾಂಡ್ ಬೇಕು. ಲೆನ್ಸಿಗಿಂತ ಮೊದಲು ದುಡ್ಡು ಹಾಕಬೇಕಾದ್ದು ಇದಕ್ಕೆ. ಕೆಲವು ನಿಮಿಷಗಳ ಒಂದೊಂದು ಚಿತ್ರದಂತೆ ಹತ್ತಾರು, ನೂರಾರು ಚಿತ್ರ ತೆಗೆದು, ಸಿರಿಲ್ ಅಥವಾ ಡೀಪ್‌ಸ್ಕೈಸ್ಟ್ಯಾಕರ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಕೂರಿಸುತ್ತಾರೆ.

ಇದರ ಜೊತೆಗೆ ಎರಡು ಬಗೆಯ ಖಾಲಿ ಚಿತ್ರಗಳೂ ಬೇಕು. ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರ ಕ್ಯಾಮರಾದ ಸ್ವಂತ ದೋಷ ತೋರಿಸುತ್ತದೆ. ಸಮನಾದ ಬೆಳಕಿಗೆ ಹಿಡಿದು ತೆಗೆದ ಬಿಳಿ ಚಿತ್ರ ಲೆನ್ಸಿನ ಧೂಳು ಮತ್ತು ಅಂಚಿನ ಮಬ್ಬು ತೋರಿಸುತ್ತದೆ. ಇದನ್ನು ಬಿಟ್ಟರೆ ಧೂಳಿನ ಕಣವೇ ಗ್ಯಾಲಕ್ಸಿಯಾಗಿ ಕಾಣುವ ಅಪಾಯ ಇದೆ.

ಮೋಸ ಹೋಗುವ ಜಾಗಗಳು

ಪ್ರಖರ ನಕ್ಷತ್ರದ ಬೆಳಕು ಲೆನ್ಸಿನೊಳಗೇ ಪುಟಿದು ಸುಳ್ಳು ಮಬ್ಬು ಹುಟ್ಟಿಸುತ್ತದೆ. ನಮ್ಮದೇ ಕ್ಷೀರಪಥದ ತೆಳು ಧೂಳಿನ ಮೋಡಗಳು ದೂರದ ಗ್ಯಾಲಕ್ಸಿಯ ವೇಷ ಹಾಕುತ್ತವೆ. ಕೃತಕ ಉಪಗ್ರಹಗಳು ಚಿತ್ರದ ಮೇಲೆ ಗೀಟು ಎಳೆದು ಹೋಗುತ್ತವೆ.

ಈಚೆಗೆ ಹೊಸದೊಂದು ಸೇರಿದೆ. ಚಿತ್ರವನ್ನು ತಾನಾಗಿಯೇ ಚಂದ ಮಾಡುವ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಕೆಲವೊಮ್ಮೆ ಇಲ್ಲದ್ದನ್ನೂ ಸೇರಿಸಿಬಿಡುತ್ತದೆ, ಇರುವ ಮಸುಕು ಬೆಳಕನ್ನು ಗಲೀಜೆಂದು ಅಳಿಸಿಬಿಡುತ್ತದೆ. ಗೋಡೆಗೆ ಹಾಕುವ ಚಿತ್ರಕ್ಕೆ ಅದು ಸರಿ. ಹುಡುಕಾಟಕ್ಕೆ ಮಾತ್ರ ಮೂಲ ಚಿತ್ರಗಳನ್ನು ಹಾಗೇ ಜೋಪಾನ ಮಾಡಬೇಕು. ದೊನಾತಿಯೆಲ್ಲೊ ಹಳೇ ಚಿತ್ರಗಳನ್ನು ಇಟ್ಟುಕೊಂಡಿದ್ದರಿಂದಲೇ ತೆಗೆದು ವರ್ಷಗಳಾದ ಮೇಲೆ ಅದರಲ್ಲಿ ಗ್ಯಾಲಕ್ಸಿ ಸಿಕ್ಕಿತು.

ಇಷ್ಟು ಸಣ್ಣದರಿಂದ ಯಾರಿಗೇನು?

ಬ್ರಹ್ಮಾಂಡದ ಈಗಿನ ಸಿದ್ಧಾಂತದ ಪ್ರಕಾರ ದೊಡ್ಡ ಗ್ಯಾಲಕ್ಸಿಗಳು ಸಣ್ಣವುಗಳನ್ನು ನುಂಗಿ ಬೆಳೆದಿವೆ. ಹಾಗಿದ್ದರೆ ಉಳಿದ ಸಣ್ಣವು ಸುತ್ತಮುತ್ತ ಬಹಳ ಇರಬೇಕು. 1999ರಲ್ಲಿ ಕಂಪ್ಯೂಟರ್ ಲೆಕ್ಕಾಚಾರಗಳು ಕ್ಷೀರಪಥದಂಥ ಗ್ಯಾಲಕ್ಸಿಯ ಸುತ್ತ ನೂರಾರು ಇರಬೇಕೆಂದು ತೋರಿಸಿದವು. ಆಗ ಗೊತ್ತಿದ್ದದ್ದು ಹತ್ತು ಹನ್ನೆರಡರಷ್ಟು. ಈ ಸಂಖ್ಯೆ ಈಗ ಐವತ್ತು ದಾಟಿದೆ. ಪುಸ್ತಕದ ಲೆಕ್ಕಕ್ಕೂ ಗೋದಾಮಿನ ದಾಸ್ತಾನಿಗೂ ತಾಳೆಯಾಗದಿದ್ದರೆ ಒಂದೋ ಲೆಕ್ಕ ತಪ್ಪು, ಇಲ್ಲವೇ ಎಣಿಕೆ ತಪ್ಪು. ಇಲ್ಲಿ ಎಣಿಕೆ ಇನ್ನೂ ಮುಗಿದಿಲ್ಲ. ಇಂಥ ಪುಟ್ಟ ಗ್ಯಾಲಕ್ಸಿಗಳಲ್ಲಿ ಕಣ್ಣಿಗೆ ಕಾಣದ ಕಪ್ಪು ದ್ರವ್ಯವೇ ಬಹುಪಾಲು, ಆದ್ದರಿಂದ ಒಂದೊಂದು ಹೊಸದು ಸಿಕ್ಕಾಗಲೂ ಸಿದ್ಧಾಂತಕ್ಕೊಂದು ಪರೀಕ್ಷೆ.

ಹೆಸರಿನ ಹಿಂದಿನ ಅರಬಿ

ದೊನಾತಿಯೆಲ್ಲೊ-1 ಇರುವುದು ಮಿರಾಕ್ ಎಂಬ ನಕ್ಷತ್ರದ ಆಸುಪಾಸು. ಸೊಂಟಕ್ಕೆ ಸುತ್ತುವ ಬಟ್ಟೆಗೆ ಅರಬಿಯಲ್ಲಿ ಇರುವ 'ಮಿಅ್‌ಝರ್' ಎಂಬ ಪದ ಯುರೋಪಿನ ಬಾಯಲ್ಲಿ ಹೀಗಾಯಿತು. ಇದೇ ನಕ್ಷತ್ರಪುಂಜದ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾವನ್ನು 'ಪುಟ್ಟ ಮೋಡ' ಅಂತ ಬರಹದಲ್ಲಿ ದಾಖಲಿಸಿದವರು ಅಬ್ದುರ್ರಹ್ಮಾನ್ ಅಲ್-ಸೂಫಿ. ಕ್ರಿ.ಶ. 964ರ ಸುಮಾರಿಗೆ ಅವರು ಬರೆದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿ ಅದು ಇದೆ. ಆಗ ದೂರದರ್ಶಕವೇ ಇರಲಿಲ್ಲ. ಇದ್ದದ್ದು ಕಣ್ಣು ಮತ್ತು ಕತ್ತಲು.

ನಮ್ಮ ಕಡೆಯಿಂದ ಏನು ಸಾಧ್ಯ?

ಕಾಸರಗೋಡು, ಮಂಗಳೂರಿನ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲ, ಆಕಾಶದ ಮಾತೇ ಇಲ್ಲ. ನವೆಂಬರ್‌ನಿಂದ ಮಾರ್ಚ್‌ವರೆಗೆ ಸರಿಯಾದ ಕಾಲ. ಚಂದ್ರನ ಬೆಳಕು ಇರಬಾರದು, ಅಂದ್ರೆ ಹಿಜರಿ ತಿಂಗಳ ಕೊನೆಯ ನಾಲ್ಕೈದು ರಾತ್ರಿ, ಹೊಸ ತಿಂಗಳ ಮೊದಲ ಮೂರ್ನಾಲ್ಕು ರಾತ್ರಿ.

ಮೊದಲ ಗುರಿಯಾಗಿ ಎನ್‌ಜಿಸಿ 404 ಒಳ್ಳೆಯದು. ಮಿರಾಕ್ ನಕ್ಷತ್ರಕ್ಕೆ ಅಂಟಿದ ಹಾಗೆ ಕಾಣುವ ಇದಕ್ಕೆ 'ಮಿರಾಕ್‌ನ ಭೂತ' ಎಂಬ ಅಡ್ಡಹೆಸರಿದೆ. ವಿಲಿಯಂ ಹರ್ಷೆಲ್ 1784ರಲ್ಲೇ ಕಂಡಿದ್ದರು. ಡಿಸೆಂಬರ್ ಶುರುವಿನಲ್ಲಿ ರಾತ್ರಿ ಎಂಟೊಂಬತ್ತರ ಹೊತ್ತಿಗೆ ಉತ್ತರಕ್ಕೆ ಮುಖ ಮಾಡಿದರೆ ಮಿರಾಕ್ ನೆತ್ತಿಯಿಂದ ಸ್ವಲ್ಪ ಕೆಳಗೆ ಸಿಗುತ್ತದೆ. ಆಂಡ್ರೊಮಿಡಾದ ಪುಟ್ಟ ಸಂಗಾತಿಗಳಾದ ಎನ್‌ಜಿಸಿ 185 ಮತ್ತು 147 ಅದಾದ ಮೇಲೆ. ಕಷ್ಟದ ಗುರಿ ಬೇಕಾದವರಿಗೆ ಮಾರ್ಚ್‌ನಲ್ಲಿ ಮಖಾ ನಕ್ಷತ್ರದ ಮಗ್ಗುಲಲ್ಲೇ ಇರುವ ಲಿಯೊ-1. ಸುಮಾರು 8 ಲಕ್ಷ ಜ್ಯೋತಿರ್ವರ್ಷ ದೂರದ ಇದನ್ನು ಪತ್ತೆ ಮಾಡಿದ್ದು 1950ರಲ್ಲಷ್ಟೇ. ಮಖಾದ ಪ್ರಭೆಯೇ ಅದನ್ನು ಮುಚ್ಚಿಬಿಡುತ್ತದೆ.

ದೂರದರ್ಶಕ ಕೊಳ್ಳಲು ಆಗದವರಿಗೂ ದಾರಿ ಇದೆ. ದೊಡ್ಡ ಸಮೀಕ್ಷೆಗಳ ಚಿತ್ರಗಳು ಈಗ ಸಾರ್ವಜನಿಕ. ದೊನಾತಿಯೆಲ್ಲೊ ಅವರೇ ಡಾರ್ಕ್ ಎನರ್ಜಿ ಸರ್ವೆಯ ಚಿತ್ರಗಳನ್ನು ಕಣ್ಣಲ್ಲೇ ನೋಡಿ, ಎನ್‌ಜಿಸಿ 253ರ ಸುತ್ತ ಇನ್ನೂ ಮೂರು ಗ್ಯಾಲಕ್ಸಿ ಹುಡುಕಿದರು. ಹುಡುಕುವುದಕ್ಕೇ ಬರೆದ ಕಂಪ್ಯೂಟರ್ ಪ್ರೋಗ್ರಾಂ ಆ ಮೂರನ್ನೂ ಬಿಟ್ಟುಬಿಟ್ಟಿತ್ತು! ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಹೊರತಂದಿದೆ. ಹಾಗಂತ ಹವ್ಯಾಸಿಗಳ ಕೆಲಸ ಮುಗಿಯಲಿಲ್ಲ. ಉತ್ತರದ ಆಕಾಶದ ದೊಡ್ಡ ಭಾಗ ಅದಕ್ಕೆ ಕಾಣುವುದೇ ಇಲ್ಲ.

ಕಳೆದುಕೊಳ್ಳುತ್ತಿರುವುದು ಕತ್ತಲನ್ನು

ಮೇಲಿನ ಲೆಕ್ಕಕ್ಕೆ ಮತ್ತೊಮ್ಮೆ ಹೋಗಿ. ಊರಿನ ದೀಪಗಳಿಂದ ಆಕಾಶದ ಹೊಳಪು 4,000ದ ಬದಲು 40,000 ಆದರೆ? ಅಷ್ಟೇ ಶುದ್ಧ ಚಿತ್ರಕ್ಕೆ ಸುಮಾರು ಹತ್ತು ಪಟ್ಟು ಹೊತ್ತು ಬೇಕು. ಒಂದು ರಾತ್ರಿಯ ಕೆಲಸ ಹತ್ತು ರಾತ್ರಿಯದ್ದಾಗುತ್ತದೆ. ಹೆದ್ದಾರಿ, ಪೆಟ್ರೋಲ್ ಬಂಕ್, ಮದುವೆ ಹಾಲ್‌ಗಳ ಬಿಳಿ ಎಲ್‌ಇಡಿ ದೀಪಗಳಲ್ಲಿ ಎಷ್ಟೋ ಆಕಾಶದ ಕಡೆಗೂ ಬೆಳಕು ಚೆಲ್ಲುತ್ತವೆ.

ಲಡಾಖ್‌ನ ಹಾನ್ಲೆಯಲ್ಲಿ 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶ ಘೋಷಣೆಯಾಯಿತು. ಅಲ್ಲಿನ ವೀಕ್ಷಣಾಲಯ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ಹೊಸಕೋಟೆಯಲ್ಲೇ ಕೂತು ನಿರ್ವಹಿಸುತ್ತಾರೆ. ಹಾನ್ಲೆಯ ಹಳ್ಳಿಗಳಲ್ಲಿ ದೀಪ ಆರಿಸಿ ಕೂರಿ ಅಂತ ಯಾರಿಗೂ ಹೇಳಲಿಲ್ಲ. ದೀಪಗಳಿಗೆ ಮರೆ ಕಟ್ಟಿ ಬೆಳಕು ಕೆಳಗೆ ಮಾತ್ರ ಬೀಳುವಂತೆ ಮಾಡಿದರು. ಊರಿನ ಯುವಜನರಿಗೆ ದೂರದರ್ಶಕ ಕೊಟ್ಟು ತರಬೇತಿ ನೀಡಿದರು, ಈಗ ಬರುವ ಪ್ರವಾಸಿಗರಿಗೆ ಆಕಾಶ ತೋರಿಸುವುದು ಅವರಿಗೊಂದು ಸಂಪಾದನೆ.

ನಮ್ಮ ಊರುಗಳಲ್ಲೂ ಶುರು ಮಾಡಬಹುದಾದದ್ದು ಇದೇ. ಅಂಗಳದ ಬಲ್ಬಿಗೆ, ಅಂಗಡಿಯ ಬೋರ್ಡಿನ ದೀಪಕ್ಕೆ ಮೇಲೊಂದು ತಗಡಿನ ಮರೆ ಹಾಕಿದರೆ ಸಾಕು. ಮೇಲೆ ವ್ಯರ್ಥವಾಗುತ್ತಿದ್ದ ಬೆಳಕು ನೆಲಕ್ಕೆ ಬೀಳುತ್ತದೆ, ಸಣ್ಣ ಬಲ್ಬೇ ಸಾಕಾಗಿ ಕರೆಂಟ್ ಬಿಲ್ಲೂ ಕಡಿಮೆ ಬರುತ್ತದೆ.