ದುಡ್ಡು ಕಳಿಸೋ ಮುಂಚೆ ಸಾಕೆಟ್ ನೋಡಿ

ಆನ್‌ಲೈನ್‌ನಲ್ಲಿ ಸೆಕೆಂಡ್‌ಹ್ಯಾಂಡ್ ಪಾರ್ಟ್ಸ್ ತಗೊಂಡು ಕಂಪ್ಯೂಟರ್ ಜೋಡಿಸ್ತೀರಾ? ಪ್ರೊಸೆಸರ್, ರ‍್ಯಾಮ್ ಹಳೇದಾದ್ರೂ ಧೈರ್ಯವಾಗಿ ತಗೊಳ್ಳಿ, ಅವು ಸುಲಭಕ್ಕೆ ಕೆಡಲ್ಲ. ಕೈ ಕೊಡೋದು ಮದರ್‌ಬೋರ್ಡ್. ಇಂಟೆಲ್ ಬೋರ್ಡಾದ್ರೆ, ಪ್ರೊಸೆಸರ್ ಕೂರೋ ಸಾಕೆಟ್‌ನ ಫೋಟೋ ಹತ್ತಿರದಿಂದ ತೆಗೆದು ಕಳಿಸೋಕೆ ಹೇಳಿ. ಕೂದಲೆಳೆಯಂಥ ಪಿನ್‌ಗಳು, ಸಾವಿರಕ್ಕೂ ಹೆಚ್ಚು. ಸಾಲಿನ ನಡುವೆ ಒಂದು ಕಡೆ ಹೊಳಪು ಬೇರೆ ಥರ ಕಂಡ್ರೆ ಪಿನ್ ಬಾಗಿರಬಹುದು. ನಾನು ಫೋಟೋ ಕೇಳದೆ ದುಡ್ಡು ಕಳಿಸಿದ್ದೆ. ಬಂದ ಬೋರ್ಡಲ್ಲಿ ಪಿನ್ ಬಾಗಿತ್ತು, ರ‍್ಯಾಮಿನ ಒಂದು ಸ್ಲಾಟ್ ಕೆಲಸಾನೇ ಮಾಡ್ಲಿಲ್ಲ.

ಪ್ರೊಸೆಸರ್‌ಗಳಲ್ಲಿ ಇಂಟೆಲ್ ಐ5-6500 ಸಿಕ್ಕಿದ್ರೆ ಬಿಡಬೇಡಿ. 2015ರದ್ದು, 4 ಕೋರ್, ಮಕ್ಕಳ ಓದಿಗೆ ಧಾರಾಳ ಸಾಕು. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಇಲ್ಲ, ಲಿನಕ್ಸ್ ಹಾಕಿ.

ಪವರ್ ಸಪ್ಲೈ ಮಾತ್ರ ಹೊಸದೇ ತನ್ನಿ. ಕಳಪೆದು ಸುಟ್ಟರೆ ಬೋರ್ಡನ್ನೂ ಜೊತೆಗೆ ಸುಟ್ಟುಬಿಡಬಹುದು.